ಗಿರಿಜಕ್ಕನಿಗೆ ನಾನು ಬರೆದುಕೊಟ್ಟ ಕಾಗದ

ಕ್ಲಿನಿಕಲ್ ಸೈಕಾಲಜಿ ಓದಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ಬನ್ನಂಜೆಯ ನಮ್ಮ ಮನೆಗೆ ಬರುತ್ತಾರೆ. ಮಣಿಪಾಲದಿಂದ ಇಳಿದು ಬರುವ ಬಸ್ಸು ಹತ್ತಿರದಲ್ಲೇ ನಿಲ್ಲುತ್ತದೆ. ಇದರಲ್ಲಿ ನನ್ನ ಮೇಲಿನ ಗೌರವ ಎಷ್ಟು, ಬಸ್ಸಿನ ಅನುಕೂಲ ಎಷ್ಟು ಎಂದು ನಾನು ಕೆದಕಲು ಹೋಗುವುದಿಲ್ಲ. ಚಹಾ ಕುಡಿದು ಅವರು ಕೇಳುವುದು ಒಂದೇ: "ಮೇಡಂ, ನಿಮ್ಮ ಕಾಲದಲ್ಲಿ ಹೇಗಿತ್ತು?" ಪ್ರತಿಸಲ ಬಾಯಿ ನೋಯಿಸಿಕೊಳ್ಳುವುದರ ಬದಲು ಒಮ್ಮೆ ಬರೆದಿಟ್ಟರೆ ಆಯಿತು ಎಂದು ಕುಳಿತಿದ್ದೇನೆ.

ಬಡ್ತಿಯ ಕಥೆ ಒಂದೇ ಸಾಲಿನದು. ಮೊದಲು ಕುರ್ಚಿಗೆ ಕೈ ಬಂತು, ಆಮೇಲೆ ಚಕ್ರ ಬಂತು, ಕೊನೆಗೆ ಕುರ್ಚಿ ಬಿಟ್ಟು ಬಂದೆ. ಉಳಿದ ವಿಷಯದಲ್ಲಿ ಸುಳ್ಳು ವಿನಯ ನನಗಾಗದು. ನಾನು ಈ ಕೆಲಸವನ್ನು ಚೆನ್ನಾಗಿಯೇ ಮಾಡಿದೆ. ಚೆನ್ನಾಗಿ ಮಾಡಲು ಕಲಿತದ್ದು ಎಲ್ಲಿ ಎಂಬುದನ್ನು ಮಾತ್ರ ನನ್ನ ಬೀಳ್ಕೊಡುಗೆಯ ದಿನ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ನಾನು ಸೇರಿದ್ದು ಉಡುಪಿಯ ಒಂದು ಸಣ್ಣ ಆಸ್ಪತ್ರೆಗೆ. ಈಗ ಅದು ಇಲ್ಲ, ಅಲ್ಲೊಂದು ವಸತಿ ಸಮುಚ್ಚಯ ಎದ್ದಿದೆ. ನನಗೆ ಕೊಟ್ಟ ಕೋಣೆ ಎಕ್ಸ್‌ರೇ ಕೋಣೆಯ ಪಕ್ಕದ್ದು. ಒಳಗೆ ಬಂದ ಹೆಂಗಸರು ಕುಳಿತ ಕೂಡಲೇ ಕೇಳುತ್ತಿದ್ದರು, "ಸರ ತೆಗೀಬೇಕಾ ಮೇಡಂ?" ಕೇಳಿದ್ದರಲ್ಲಿ ತಪ್ಪಿಲ್ಲ. ಆಗ ನಮ್ಮ ಕೆಲಸವೂ ಎಕ್ಸ್‌ರೇಯವರ ಕೆಲಸದಂತೆಯೇ ಇತ್ತು. ಮನೋವೈದ್ಯರು ಚೀಟಿ ಕಳಿಸುತ್ತಿದ್ದರು: ಬುದ್ಧಿಮಟ್ಟ ಅಳೆಯಿರಿ, ನೆನಪು ಅಳೆಯಿರಿ. ನಾವು ಅಳೆದು, ಅಂಕ ಬರೆದು, ವಾಪಸ್ ಕಳಿಸುವುದು. ರೋಗಿಯೊಡನೆ ಕುಳಿತು ಮಾತಿನಿಂದಲೇ ಚಿಕಿತ್ಸೆ ಮಾಡುವುದು ನಮ್ಮ ಪಾಲಿಗೆ ಬಂದದ್ದು ಎಷ್ಟೋ ಕಾಲದ ಮೇಲೆ, ಅದೂ ಸ್ವಲ್ಪ ಸ್ವಲ್ಪವೇ. ಕಾರ್ಕಳದ ಕಡೆಯ ಒಬ್ಬ ಅಜ್ಜ ನನ್ನ ಮೇಜಿನ ಮೇಲೆ ಕಣ್ಣಾಡಿಸಿ ನೇರವಾಗಿ ಕೇಳಿದ್ದ: "ಮಾತ್ರೆ ಕೊಡುವುದಿಲ್ಲ, ಸೂಜಿಯೂ ಇಲ್ಲ. ಮತ್ತೆ ಎಂತ ಮಾಡ್ಲಿಕ್ಕೆ ಕೂತದ್ದು ನೀವು?"

ನನ್ನ ಕಪಾಟಿನಲ್ಲಿ ಬಣ್ಣದ ಮರದ ತುಂಡುಗಳು, ಒಂದು ಸ್ಟಾಪ್‌ವಾಚ್, ಚಿತ್ರದ ಕಾರ್ಡುಗಳು, ಮಸಿಯ ಕಲೆಗಳ ಹಾಳೆಗಳು ಇದ್ದವು. ಮಸಿಯ ಕಲೆ ತೋರಿಸಿ "ಇದರಲ್ಲಿ ಏನು ಕಾಣುತ್ತದೆ?" ಎಂದು ಕೇಳಬೇಕು, ಉತ್ತರದಿಂದ ಮನಸ್ಸು ತಿಳಿಯಬೇಕು. ಅದರ ಮೇಲೆ ನನಗೆ ಭಾರಿ ನಂಬಿಕೆ. ಕಾರ್ಕಳದಿಂದಲೇ ಬಂದ ಒಬ್ಬ ನಿವೃತ್ತ ಮೇಷ್ಟ್ರು ಮೊದಲ ಹಾಳೆ ನೋಡಿ, "ಮಸಿ ಚೆಲ್ಲಿದ್ದು" ಎಂದರು. ಎರಡನೆಯದಕ್ಕೂ ಅದೇ. ಕೊನೆಯ ಹಾಳೆಯವರೆಗೂ ಅದೇ. ಬೇರೇನಾದರೂ ಕಾಣುತ್ತದೆಯೇ ಎಂದು ಒತ್ತಾಯಿಸಿದ್ದಕ್ಕೆ ಕನ್ನಡಕ ತೆಗೆದು, "ಇಷ್ಟು ಹಾಳೆ ಹಾಳು ಮಾಡುವವರೆಗೆ ನೀವು ಸುಮ್ಮನೆ ಕೂತದ್ದಾ?" ಎಂದು ನನ್ನನ್ನೇ ಗದರಿಸಿದರು. ಕಲ್ಪನೆಯ ಕೊರತೆ ಎಂದು ಷರಾ ಬರೆದೆ. ಮೇಷ್ಟ್ರ ಕಲ್ಪನೆಗೆ ಏನೂ ಆಗಿರಲಿಲ್ಲ, ಶಿಸ್ತು ಸ್ವಲ್ಪ ಹೆಚ್ಚಿತ್ತು ಅಷ್ಟೇ.

ಆಮೇಲೆ ಕ್ಯಾಸೆಟ್ಟಿನ ಕಾಲ ಬಂತು. ಆತಂಕದ ರೋಗಿಗಳಿಗೆ ಮೈ ಸಡಿಲಿಸುವ ಅಭ್ಯಾಸವನ್ನು ನನ್ನದೇ ಧ್ವನಿಯಲ್ಲಿ ಮುದ್ರಿಸಿ ಮನೆಗೆ ಕೊಟ್ಟು ಕಳಿಸುತ್ತಿದ್ದೆ. "ಈಗ ನಿಮ್ಮ ಬಲಗೈಯ ಸ್ನಾಯುಗಳನ್ನು ಸಂಪೂರ್ಣವಾಗಿ ಸಡಿಲಗೊಳಿಸಿರಿ." ಇಂಥ ಕನ್ನಡವನ್ನು ಕಾರ್ಕಳದ ನಮ್ಮ ಮನೆಯಲ್ಲಿ ಯಾರೂ ಆಡಿದವರಲ್ಲ. ನಮ್ಮದು ತುಳು ಮನೆ. ಮಂಗಳೂರು ಮಾರ್ಗದ ಬಸ್ಸಿನ ಕಂಡಕ್ಟರ್ ಒಬ್ಬರು ಒಂದು ವಾರದ ಮೇಲೆ ಕ್ಯಾಸೆಟ್ ವಾಪಸ್ ತಂದು ಮೇಜಿನ ಮೇಲಿಟ್ಟರು.

"ಬೇಡ ಮೇಡಂ. ಇದು ಹಾಕಿದ್ರೆ ರೇಡಿಯೋದಲ್ಲಿ ವಾರ್ತೆ ಓದಿದ ಹಾಗೆ ಆಗ್ತದೆ. ಯಾರೋ ಸತ್ತ ಸುದ್ದಿ ಬರ್ತದೋ ಅಂತ ಇನ್ನೂ ಹೆದರಿಕೆ!"

ನಾನು ನಕ್ಕೆ. ಸಹೋದ್ಯೋಗಿಗಳಿಗೂ ಹೇಳಿ ನಗಿಸಿದೆ. ಆ ಮಾತಿನಲ್ಲಿ ನನಗೊಂದು ಪಾಠ ಇತ್ತು. ಅದನ್ನು ಕಲಿಯದೆ ಕ್ಯಾಸೆಟ್ ಮಾತ್ರ ಬದಲಿಸಿದೆ.

ಗಿರಿಜಕ್ಕ ಬಂದದ್ದು ನಾನು ಸೇರಿ ಒಂಬತ್ತು ವರ್ಷ ಕಳೆದ ಮೇಲೆ. ಕಾಪುವಿನ ಮೀನು ಮಾರ್ಕೆಟಿನಲ್ಲಿ ಮೀನು ಮಾರುವ ಹೆಂಗಸು, ಅರವತ್ತರ ಹತ್ತಿರದ ಪ್ರಾಯ. ಮಾರ್ಕೆಟಿನ ಒದ್ದೆ ನೆಲದಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಗಿ, ಎರಡು ದಿನ ಹೆಸರುಗಳನ್ನು ತಪ್ಪಿ ತಪ್ಪಿ ಹೇಳಿದ್ದರಂತೆ. ಸ್ಕ್ಯಾನಿಂಗ್‌ನಲ್ಲಿ ತೊಂದರೆಯೇನೂ ಕಂಡಿರಲಿಲ್ಲ. ಆದರೂ ನೆನಪು ಪರೀಕ್ಷೆ ಆಗಲಿ ಎಂದು ಚೀಟಿ ಬಂತು. ಮಗ ಸುಧಾಕರ ದೋಣಿಯಲ್ಲಿ ದುಡಿಯುವವನು, ಅಮ್ಮನನ್ನು ಕೈ ಹಿಡಿದು ಕರೆದು ತಂದಿದ್ದ. ಬಿದ್ದು ಒಂದು ವಾರವೂ ಆಗಿರಲಿಲ್ಲ. ಅಷ್ಟು ಬೇಗ ಪರೀಕ್ಷೆ ಮಾಡಬಾರದು ಎಂಬುದು ನನಗೆ ಗೊತ್ತಿರಬೇಕಿತ್ತು. ಅದು ಮೊದಲ ತಪ್ಪು, ಮತ್ತು ಸಣ್ಣದು.

ದೊಡ್ಡದು ಇನ್ನು ಬರುತ್ತದೆ. ಗಿರಿಜಕ್ಕ ತುಳುವರು. ನಾನೂ ತುಳುವಳು. ಆದರೆ ನಮ್ಮ ಊರಿನ ರೀತಿ ನಿಮಗೆ ಗೊತ್ತುಂಟಲ್ಲ. ಆಫೀಸು, ಆಸ್ಪತ್ರೆ, ಬ್ಯಾಂಕು ಎಂದರೆ ಕನ್ನಡ. ಮೇಜಿನ ಆಚೆ ಕುಳಿತವಳು ಮರ್ಯಾದೆಗೆಂದು ಕನ್ನಡ ಮಾತಾಡುತ್ತಾಳೆ, ಈಚೆ ಕುಳಿತವಳು ಗತ್ತಿಗೆಂದು ಕನ್ನಡ ಮಾತಾಡುತ್ತಾಳೆ. ಹಾಗೆ ಇಬ್ಬರು ತುಳು ಹೆಂಗಸರು ಮುಕ್ಕಾಲು ಗಂಟೆ ಪುಸ್ತಕದ ಕನ್ನಡದಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕುಳಿತೆವು.

"ಇದು ಯಾವ ತಿಂಗಳು?" ಎಂದು ಕೇಳಿದೆ.

ಅವರು ಯೋಚಿಸಿ, "ಬೇಶ" ಎಂದರು.

"ಯಾವ ತಾರೀಕು?"

"ನಿಮ್ಮ ತಾರೀಕು ನನಗೆ ಗೊತ್ತಿಲ್ಲ."

ಬೇಶ ತುಳುವರ ತಿಂಗಳು. ಮೇ ತಿಂಗಳ ನಡುವಿನಿಂದ ಸುರುವಾಗುತ್ತದೆ, ಮತ್ತು ಅಂದು ಬೇಶವೇ ನಡೆಯುತ್ತಿತ್ತು. ನನ್ನ ಅಮ್ಮ ಕೊನೆಯವರೆಗೂ ಹಪ್ಪಳ ಒಣಗಿಸುವುದನ್ನೂ ನೆಂಟರ ಮದುವೆಯನ್ನೂ ಬೇಶ, ಆಟಿ, ಸೋಣ ಎಂದೇ ಲೆಕ್ಕ ಇಟ್ಟವರು. ಇದು ನನಗೆ ಗೊತ್ತಿರಲಿಲ್ಲ ಎಂದರೆ ದೇವರು ಮೆಚ್ಚುವುದಿಲ್ಲ. ಆದರೆ ನನ್ನ ಫಾರ್ಮಿನಲ್ಲಿ ಬೇಶಕ್ಕೆ ಜಾಗ ಇರಲಿಲ್ಲ. ಸೊನ್ನೆ ಹಾಕಿದೆ. "ನಿಮ್ಮ ತಾರೀಕು" ಎಂದದ್ದನ್ನು ಗೊಂದಲದ ಲಕ್ಷಣ ಎಂದು ಬದಿಯಲ್ಲಿ ಗುರುತು ಮಾಡಿಕೊಂಡೆ. ಗಡಿಯಾರದ ಚಿತ್ರ ಬರೆಯಲು ಪೆನ್ಸಿಲ್ ಕೊಟ್ಟೆ. ಶಾಲೆಯ ಮೆಟ್ಟಿಲು ಹತ್ತದ ಅವರು ಒಂದು ಸುತ್ತು ಎಳೆದು, ನಾಚಿಕೆಯಿಂದ ವಾಪಸ್ ಕೊಟ್ಟರು. ಅದಕ್ಕೂ ಸೊನ್ನೆ. ಒಂದು ವಾಕ್ಯ ಬರೆಯಿರಿ ಎಂದದ್ದಕ್ಕೆ ತಲೆ ತಗ್ಗಿಸಿದರು. ಸೊನ್ನೆ. ನಾನು ಹೇಳಿದ ಮೂರು ಪದಗಳಲ್ಲಿ ಒಂದನ್ನು ಮರೆತರು. ಅದು ಮಾತ್ರ ನಿಜವಾದ ಮರೆವು, ಮತ್ತು ವಾರದ ಹಿಂದೆ ತಲೆಗೆ ಪೆಟ್ಟು ತಿಂದ ಯಾರಿಗೂ ಆಗುವಂಥದ್ದು.

ಅಂಕ ಕೂಡಿಸಿ ಸೊಗಸಾದ ಅಕ್ಷರದಲ್ಲಿ ವರದಿ ಬರೆದೆ. ನೆನಪು ಮತ್ತು ದಿನದ ಅರಿವು ಗಣನೀಯವಾಗಿ ಕುಂದಿದೆ, ಒಬ್ಬರೇ ಹೊರಗೆ ಹೋಗುವುದು ಸೂಕ್ತವಲ್ಲ, ವ್ಯಾಪಾರದ ಜವಾಬ್ದಾರಿ ಕೊಡಬಾರದು. ಕೆಳಗೆ ಸಹಿ, ಮೊಹರು. ಸುಧಾಕರ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡ. ಒಳ್ಳೆಯ ಮಗ. ಕಾಗದದಲ್ಲಿ ಬರೆದದ್ದನ್ನು ಅಕ್ಷರ ತಪ್ಪದೆ ಪಾಲಿಸಿದ.

ಮೂರು ತಿಂಗಳ ಮೇಲೆ ಅವರನ್ನು ಮತ್ತೆ ಕರೆದು ತಂದಾಗ ನಾನು ಗುರುತೇ ಹಿಡಿಯಲಿಲ್ಲ. ಮೈ ಇಳಿದು, ಸೀರೆ ಜೋತುಬಿದ್ದು, ಕಣ್ಣು ನೆಲದ ಮೇಲೆ.

"ಮಾತೇ ಆಡುವುದಿಲ್ಲ ಮೇಡಂ," ಎಂದ ಸುಧಾಕರ. "ಮಾರ್ಕೆಟಿಗೆ ಕಳಿಸುವುದು ನಿಲ್ಲಿಸಿದೆವು. ನೀವು ಬರ್ದದ್ದು ಅಲ್ಲಿ ಎಲ್ಲರಿಗೂ ಗೊತ್ತಾಯ್ತು. ಈಗ ಅವರ ಜಾಗದಲ್ಲಿ ಬೇರೆಯವರು ಬುಟ್ಟಿ ಇಟ್ಟಿದ್ದಾರೆ. ರೋಗ ಜಾಸ್ತಿ ಆಯ್ತು ಅಂತ ಕಾಣ್ತದೆ."

ನನಗೂ ಹಾಗೆಯೇ ಕಂಡಿತು. ನನ್ನ ವರದಿ ಎಷ್ಟು ಸರಿ ಎಂದು ಒಳಗೊಳಗೇ ಒಂದು ಸಣ್ಣ ಹೆಮ್ಮೆಯೂ ಬಂತು. ಈಗ ನೆನೆದರೆ ಮೈ ಉರಿಯುತ್ತದೆ, ಆದರೆ ಬಂದದ್ದು ನಿಜ. ಒಳಗೆ ಬೇರೊಬ್ಬ ರೋಗಿ ಇದ್ದುದರಿಂದ ಗಿರಿಜಕ್ಕನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದೆ.

ನಮ್ಮಲ್ಲಿ ಸೆಲಿನಾ ಬಾಯಿ ಎಂಬ ಆಯಾ ಇದ್ದರು. ಕಲ್ಯಾಣಪುರದವರು, ಮನೆಯ ಮಾತು ಕೊಂಕಣಿ. ಬೆಂಚಿನ ಕೆಳಗೆ ನೆಲ ಒರೆಸುತ್ತ ಬಂದು ಗಿರಿಜಕ್ಕನೊಡನೆ ತುಳುವಿನಲ್ಲಿ ಮಾತಿಗಿಳಿದರು. "ಇಲ್ಲ್ ಓಲು?" ಮನೆ ಎಲ್ಲಿ ಎಂದು ಕೇಳಿದ್ದು. ಮೊದಲು ಉತ್ತರ ಇಲ್ಲ. ಸೆಲಿನಾ ಬಾಯಿ ಬಿಡುವವರಲ್ಲ. ಬಂಗುಡೆ ಮೀನು ಈಗ ಬರುವುದಾ, ದೊಡ್ಡದಾ ಸಣ್ಣದಾ ಎಂದು ಕೇಳಿದರು. ಅಷ್ಟೇ ಬೇಕಾದದ್ದು. ಮೂರು ತಿಂಗಳು ಬಾಯಿ ಬಿಡದ ಹೆಂಗಸು ಬಂಗುಡೆ ಯಾವಾಗ ಬರುತ್ತದೆ, ಯಾರ ದೋಣಿಗೆ ಮೊನ್ನೆ ಒಳ್ಳೆಯ ಮೀನು ಬಿತ್ತು, ಯಾರದ್ದು ಬರಿಗೈಯಲ್ಲಿ ಬಂತು ಎಂದು ಹೇಳತೊಡಗಿದರು. ಮನೆಯಲ್ಲಿ ಕುಳಿತೇ ಇಷ್ಟೂ ಕೇಳಿ ಇಟ್ಟುಕೊಂಡಿದ್ದರು. ಕೊನೆಗೆ, "ಇವತ್ತು ಸೋಣದ ಹದಿನಾರು ಅಲ್ವಾ? ಇನ್ನು ಒಂದು ವಾರ ಕಾದು ನೋಡಿ," ಎಂದರು.

ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಮೂಲೆಯ ಸಣ್ಣ ಅಕ್ಷರದಲ್ಲಿ ತುಳು ತಾರೀಕೂ ಇತ್ತು. ಸೋಣ ಹದಿನಾರು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಒಂಬತ್ತು ವರ್ಷ ಆ ಕ್ಯಾಲೆಂಡರಿನ ಅಡಿಯಲ್ಲೇ ಕುಳಿತಿದ್ದೆ. ಕೊಂಕಣಿ ಮನೆಯ ಸೆಲಿನಾ ಬಾಯಿಗೆ ಹೊಳೆದದ್ದು ತುಳು ಮನೆಯ ನನಗೆ ಹೊಳೆದಿರಲಿಲ್ಲ.

ಒಳಗೆ ಕರೆದು, ಬಾಗಿಲು ಹಾಕಿ, ತುಳುವಿನಲ್ಲಿ ಮಾತಾಡಿದೆ. ಗಿರಿಜಕ್ಕ ತಲೆ ಎತ್ತಿದರು. "ಈರ್ ತುಳುವೆರಾ?" ನೀವು ತುಳುವರಾ ಎಂದು ಕೇಳಿದ ಆ ದನಿಯಲ್ಲಿ ಆಶ್ಚರ್ಯಕ್ಕಿಂತ ಸಿಟ್ಟೇ ಹೆಚ್ಚಿತ್ತು. ಮುಂದೆ ನಮ್ಮೊಳಗೆ ನಡೆದದ್ದೆಲ್ಲ ತುಳುವಿನಲ್ಲೇ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಪೆನ್ಸಿಲ್ ಇಲ್ಲದೆ, ಗಡಿಯಾರ ಇಲ್ಲದೆ, ಅವರಿಗೆ ತಿಳಿದ ಲೋಕದಿಂದಲೇ ಪ್ರಶ್ನೆ ಆರಿಸಿ ಒಂದು ಗಂಟೆ ಪರೀಕ್ಷಿಸಿದೆ. ಅವರ ನೆನಪಿಗೆ ಏನೂ ಆಗಿರಲಿಲ್ಲ. ಕೆಲಸವನ್ನೂ ಜನರನ್ನೂ ಕಳೆದುಕೊಂಡ ದುಃಖದಿಂದ ಅವರು ಮಾತು ಬಿಟ್ಟಿದ್ದರು. ಆ ದುಃಖಕ್ಕೆ ಸಹಿ, ಮೊಹರು ಹಾಕಿ ಕೊಟ್ಟವಳು ನಾನು.

ಇಲ್ಲಿ ಹೊಸಬರಿಗೆ ಒಂದು ಮಾತು. ನಿಮ್ಮ ಕೈಯಲ್ಲಿ ಈಗ ಟ್ಯಾಬ್ಲೆಟ್ ಉಂಟು, ಅಂಕ ತಾನೇ ಕೂಡಿಕೊಳ್ಳುತ್ತದೆ. ಓದು ಬಾರದವರಿಗೆಂದೇ ಮಾಡಿದ ಪ್ರಶ್ನೆಗಳಿವೆ. ಪರೀಕ್ಷೆಗೆ ಮುಂಚೆ ಮನೆಮಾತು ಯಾವುದು ಎಂದು ಕೇಳುವುದು ಕ್ರಮವಾಗಿದೆ. ಲೈಸೆನ್ಸ್ ಇಲ್ಲದೆ ಯಾರೂ ವರದಿ ಬರೆಯುವಂತಿಲ್ಲ. ಇದೆಲ್ಲ ಒಳ್ಳೆಯದೇ, ನಮ್ಮ ಕಾಲವೇ ಚೆನ್ನಾಗಿತ್ತು ಎಂದು ಕೊರಗುವವಳು ನಾನಲ್ಲ. ಆದರೆ ಕೆಟ್ಟ ಅಂಕ ಬಂದಾಗ ರೋಗಿಯನ್ನು ಅನುಮಾನಿಸುವ ಮೊದಲು ಪ್ರಶ್ನೆಯನ್ನು ಅನುಮಾನಿಸಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ನಾವು ರೋಗಿಯ ಮೇಲೆ ಬಹಳ ಬೇಗ ಹಾಕುತ್ತೇವೆ. ಕೆಲವೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ.

ನಮ್ಮ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಹುಷಾರು ಮನುಷ್ಯ, ಕೆಟ್ಟವರಲ್ಲ. ಅವರ ಕೋಣೆಗೆ ಹೋಗಿ ನನ್ನ ವರದಿ ತಪ್ಪು, ತಪ್ಪೆಂದೇ ಬರೆದು ವಾಪಸ್ ತೆಗೆದುಕೊಳ್ಳುತ್ತೇನೆ ಎಂದೆ.

"ಹೊಸದಾಗಿ ಪರೀಕ್ಷೆ ಮಾಡಿದ್ದೀರಲ್ಲ, ಹೊಸ ರಿಪೋರ್ಟ್ ಬರೀರಿ. ಸುಧಾರಣೆ ಕಂಡುಬಂದಿದೆ ಅಂತ ಬರೀರಿ. ಮುಗೀತಲ್ಲ?"

"ಸುಧಾರಣೆ ಆಗ್ಲಿಕ್ಕೆ ಕಾಯಿಲೆಯೇ ಇರಲಿಲ್ಲ ಸರ್."

"ಅದು ನಿಮಗೂ ನನಗೂ ಗೊತ್ತುಂಟು. ತಪ್ಪಾಯ್ತು ಅಂತ ಒಮ್ಮೆ ಬರೆದುಕೊಟ್ರೆ ನಾಳೆ ಎಲ್ಲರೂ ಹಳೆ ರಿಪೋರ್ಟ್ ಹಿಡ್ಕೊಂಡು ಬಾಗಿಲಿಗೆ ಬರ್ತಾರೆ ಮಾರಾಯ್ರೆ!"

ನಾನು ಹಟಮಾರಿ. ತಪ್ಪಾಯಿತು ಎಂದೇ ಬರೆದೆ. ಅವರು ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಆ ಕಾಗದವನ್ನು ಗಿರಿಜಕ್ಕನ ಕೈಗಿಟ್ಟು, ದೊಡ್ಡ ಉಪಕಾರ ಮಾಡಿದವಳಂತೆ ನಿಂತೆ. ಅವರು ಮಡಚಿದ ಕಾಗದವನ್ನು ಬಿಡಿಸಲೂ ಇಲ್ಲ.

"ಇದು ಎಂತಕ್ಕೆ? ಮಾರ್ಕೆಟಿನಲ್ಲಿ ನಮ್ಮ ಸಾಲಿನವರಲ್ಲಿ ಯಾರಿಗೆ ಓದ್ಲಿಕ್ಕೆ ಬರ್ತದೆ? ನನ್ನ ಮಂಡೆ ಸಮ ಇಲ್ಲ ಅಂತ ಊರಿಡೀ ಹೋದದ್ದು ಬಾಯಿಂದ ಬಾಯಿಗೆ. ವಾಪಸ್ ಬರುವುದಾದ್ರೂ ಬಾಯಿಂದಲೇ ಬರ್ಬೇಕು. ನೀವೇ ಬಂದು ಹೇಳಿ."

ರೋಗಿಯ ವಿಷಯವನ್ನು ಹತ್ತು ಜನರ ಎದುರು ಆಡಬಾರದು ಎಂಬುದು ನಮ್ಮ ವೃತ್ತಿಯ ಮೊದಲ ನಿಯಮ. ದೊಡ್ಡ ಡಾಕ್ಟರು ಅದನ್ನೇ ನೆನಪಿಸಿದರು. ನಾನೂ ಒಂದು ರಾತ್ರಿ ಅದೇ ನಿಯಮದ ಹಿಂದೆ ಅಡಗಿ ಕುಳಿತೆ. ಬೆಳಗಿನ ಹೊತ್ತಿಗೆ ನನಗೇ ನಾಚಿಕೆಯಾಯಿತು. ಗುಟ್ಟು ಗಿರಿಜಕ್ಕನದು. ಬಿಚ್ಚಿ ಹೇಳಿ ಎಂದವರೂ ಅವರೇ. ನಾನು ಉಳಿಸಿಕೊಳ್ಳಲು ನೋಡುತ್ತಿದ್ದದ್ದು ನನ್ನ ಮಾನವನ್ನು. ಬರುತ್ತೇನೆಂದು ಸುಧಾಕರನಿಗೆ ಹೇಳಿ ಕಳಿಸಿ, ಮರುದಿನ ರಜೆ ಹಾಕಿ ಕಾಪುವಿನ ಬಸ್ಸು ಹತ್ತಿದೆ.

ಮಾರ್ಕೆಟಿನಲ್ಲಿ ಹೆಂಗಸರು ಒಂದೇ ಸಾಲಿನಲ್ಲಿ ಕುಳಿತಿದ್ದರು. ಗಿರಿಜಕ್ಕ ಅಲ್ಲೇ ಬದಿಯಲ್ಲಿ ಖಾಲಿ ಬುಟ್ಟಿ, ಕತ್ತಿ ಹಿಡಿದು ನಿಂತಿದ್ದರು. ಅವರ ಹಿಂದೆ ಸುಧಾಕರ, ಒಂದು ಬುಟ್ಟಿ ಬಂಗುಡೆಯೊಂದಿಗೆ. ಅವರ ಹಳೆಯ ಜಾಗದಲ್ಲಿ ಆಚೀಚೆಯವರ ಬುಟ್ಟಿಗಳು ಹರಡಿಕೊಂಡಿದ್ದವು. ಸಾಲಿಗೆ ಹಿರಿಯಳು ಸುಮತಿಯಕ್ಕ, ಗಟ್ಟಿ ಹೆಂಗಸು. ಅಲ್ಲಿ ಯಾರು ಕೂರಬೇಕು ಎಂಬುದು ಅವರ ಮಾತು. ಮಂಡೆ ಸರಿ ಇಲ್ಲದವಳು ಹಾಳಾದ ಮೀನು ಕೊಟ್ಟರೆ, ಹೇಳಿಟ್ಟ ಮೀನನ್ನು ಮರೆತು ಬೇರೆಯವರಿಗೆ ಕೊಟ್ಟರೆ, ಹೆಸರು ಕೆಡುವುದು ಇಡೀ ಸಾಲಿನದ್ದು. ಅವರ ಹೆದರಿಕೆಯಲ್ಲಿ ನ್ಯಾಯ ಇತ್ತು.

ನಾನು ಗಂಟಲು ಸರಿಮಾಡಿಕೊಂಡು ಸುರು ಮಾಡಿದೆ: "ನಾನು ಇವರ ಮಾನಸಿಕ ಸಾಮರ್ಥ್ಯವನ್ನು ಪರೀಕ್ಷಿಸಿದಾಗ..."

"ತುಳುಟು ಪನ್ಲೆ," ಎಂದರು ಗಿರಿಜಕ್ಕ. ತುಳುವಿನಲ್ಲಿ ಹೇಳಿ.

ಅಭ್ಯಾಸಬಲ ನೋಡಿ! ತುಳುವಿನಲ್ಲಿ ಹೇಳತೊಡಗಿದರೆ ದೊಡ್ಡ ಶಬ್ದಗಳಿಗೆ ಜಾಗವೇ ಇಲ್ಲ. ಉಳಿದದ್ದು ನಾಲ್ಕೇ ಮಾತು. ಇವರ ಮಂಡೆ ಸರಿ ಉಂಟು. ಆಗಲೂ ಇತ್ತು. ನಾನು ಕೇಳಿದ್ದೇ ಸರಿ ಇರಲಿಲ್ಲ. ಯಾನ್ ತಪ್ಪು ಮಲ್ತೆ, ನಾನು ತಪ್ಪು ಮಾಡಿದೆ.

ಸುಮತಿಯಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಾಗಾದ್ರೆ ಆವತ್ತು ಮಂಡೆ ಸಮ ಇಲ್ಲದ್ದು ಯಾರದ್ದು?"

"ನನ್ನದು," ಎಂದೆ.

ಸಾಲಿಗೆ ಸಾಲೇ ನಕ್ಕಿತು. ಸುಮತಿಯಕ್ಕ ನಗಲಿಲ್ಲ. "ಆವತ್ತು ಇಲ್ಲ ಅಂದ್ರಿ, ಇವತ್ತು ಉಂಟು ಅಂತೀರಿ. ನಿಮ್ಮನ್ನು ಹೇಗೆ ನಂಬುವುದು? ಪರೀಕ್ಷೆ ನಾವು ಮಾಡ್ತೇವೆ. ಗಿರಿಜಾ, ಆ ತುದಿಯಲ್ಲಿ ಕೂತ್ಕೋ."

ಗಿರಿಜಕ್ಕ ಸಾಲಿನ ಹೊರಗೆ, ಬಿಸಿಲು ಬೀಳುವ ತುದಿಯಲ್ಲಿ ಬುಟ್ಟಿ ಇಟ್ಟು ಕುಳಿತರು. ಮೊದಲು ಬಂದ ಹೆಂಗಸೊಬ್ಬರು ಅವರನ್ನು ಕಂಡು ದಾಟಿ ಮುಂದೆ ಹೋದರು. ಎರಡನೆಯವರೂ ಹಾಗೆಯೇ. ಮೂರನೆಯವರನ್ನು ಗಿರಿಜಕ್ಕ ಹೆಸರು ಹಿಡಿದು ಕರೆದರು. ಮಗಳಿಗೆ ಹೆರಿಗೆ ಆಯಿತಾ, ಬೇಶದಲ್ಲಿ ದಿನ ತುಂಬಿತ್ತಲ್ಲ ಎಂದು ಕೇಳಿದರು. ಆಕೆ ಅಲ್ಲೇ ನಿಂತುಬಿಟ್ಟರು. ಅರ್ಧ ಗಂಟೆಯಲ್ಲಿ ಬುಟ್ಟಿಯ ಸುತ್ತ ಜನ. ಒಬ್ಬರದ್ದು ಸಾರಿಗೆ ತುಂಡು, ಒಬ್ಬರದ್ದು ಎಣ್ಣೆಯಲ್ಲಿ ಕಾಯಿಸಲು ಇಡೀ ಮೀನು, ಒಬ್ಬರದ್ದು ತಲೆ ಬೇಡ, ಇನ್ನೊಬ್ಬರು ಬ್ಯಾಂಕಿಗೆ ಹೋಗಿ ಬರುತ್ತೇನೆ ಎಂದು ಹೇಳಿಟ್ಟು ಹೋದದ್ದು. ಯಾರದ್ದನ್ನೂ ಯಾರಿಗೂ ಬದಲಿಸದೆ, ಬಾಯಲ್ಲಿ ಮಾತು, ಕೈಯಲ್ಲಿ ಕತ್ತಿ. ಅಂಥ ನೆನಪಿನ ಪರೀಕ್ಷೆಯಲ್ಲಿ ನಾನು ಕುಳಿತರೆ ಮೊದಲ ಗಿರಾಕಿಗೇ ಸೋಲುತ್ತಿದ್ದೆ.

ಬುಟ್ಟಿ ಅರ್ಧ ಆಗುವಾಗ ಸುಮತಿಯಕ್ಕ ತಮ್ಮ ಬುಟ್ಟಿಯನ್ನು ಒಂದು ಗೇಣು ಎಡಕ್ಕೆ ಎಳೆದುಕೊಂಡರು. ಪಕ್ಕದವಳು ತನ್ನದನ್ನು ಬಲಕ್ಕೆ ಸರಿಸಿದಳು. ಸಾಲಿನ ನಡುವೆ ಒಬ್ಬರು ಕೂರುವಷ್ಟು ಒದ್ದೆ ನೆಲ ಕಂಡಿತು. ಗಿರಿಜಕ್ಕ ಎದ್ದು, ಬುಟ್ಟಿ ಎತ್ತಿಕೊಂಡು, ಅಲ್ಲಿ ಹೋಗಿ ಕುಳಿತರು. ನನಗೆ ಅಳು ಬಂತು. ಮೀನಿನ ಮಾರ್ಕೆಟಿನಲ್ಲಿ ಅತ್ತ ಕ್ಲಿನಿಕಲ್ ಸೈಕಾಲಜಿಸ್ಟ್ ಬಹುಶಃ ನಾನೊಬ್ಬಳೇ.

ಹೊರಡುತ್ತೇನೆ ಎಂದು ಹೇಳಲು ಹತ್ತಿರ ಹೋದೆ. ಒಂದು ಒಳ್ಳೆಯ ಮಾತು ಬರಬಹುದು ಎಂಬ ಆಸೆ ಇತ್ತು, ಮುಚ್ಚಿಡುವುದಿಲ್ಲ. ಅವರು ಮೀನು ಕೊಯ್ಯುತ್ತಲೇ ಕೇಳಿದರು:

"ಅಲ್ಲ, ಇಂಥ ಕಾಗದ ನೀವು ನನಗೊಬ್ಬಳಿಗೇ ಬರ್ದದ್ದಾ?"

"ಇಲ್ಲ. ಬೇರೆಯವರಿಗೂ ಬರ್ದಿದ್ದೇನೆ."

"ಹೀಗೇ ಕೂರಿಸಿ, ಕನ್ನಡದಲ್ಲಿ ಕೇಳಿ?"

"ಹೀಗೇ."

ಕತ್ತಿ ನಿಂತಿತು. ಅವರು ಆ ದಿನ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದರು.

"ಮತ್ತೆ ಇಲ್ಲಿ ನಿಂತು ಎಂತ ಮಾಡ್ತೀರಿ ಮಾರಾಯ್ರೆ? ಹೋಗಿ."

ಹೆದ್ದಾರಿಗೆ ಬಂದು ಉಡುಪಿಯ ಬಸ್ಸಿಗೆ ಕೈ ತೋರಿಸಿದೆ. ಮಧ್ಯಾಹ್ನದ ಹೊತ್ತಿಗೆ ಸೆಲಿನಾ ಬಾಯಿಯೂ ನಾನೂ ಒಂಬತ್ತು ವರ್ಷದ ಫೈಲುಗಳನ್ನು ಕಪಾಟಿನಿಂದ ನೆಲಕ್ಕೆ ಇಳಿಸುತ್ತಿದ್ದೆವು.